ದೂರದ ಯಂತ್ರದಿಂದ ಕಡತವನ್ನು ತರಿಸುವ ಬಗೆ

ಒಂದು ಗಣಕಯಂತ್ರದಲ್ಲಿರುವ ಕಡತವನ್ನು ನೂರಾರು ಮೈಲಿಗಳಾಚೆಯ ಮತ್ತೊಂದು ಯಂತ್ರಕ್ಕೆ ತರಿಸಿಕೊಳ್ಳುವುದು ಇಂದು ಯಾರಿಗೂ ಸೋಜಿಗವೆನಿಸುವುದಿಲ್ಲ. ಆದರೆ ಅಮೆರಿಕದಲ್ಲಿ ಅರ್ಪಾನೆಟ್ ಎಂಬ ಜಾಲವು 1969ರಲ್ಲಿ ಕಾರ್ಯಾರಂಭ ಮಾಡಿದಾಗ ಅದು ಸುಲಭಸಾಧ್ಯವಾಗಿರಲಿಲ್ಲ. ಆ ಜಾಲಕ್ಕೆ ಸೇರಿದ ಯಂತ್ರಗಳು ಬೇರೆ ಬೇರೆ ಜಾತಿಯವು. 'ಎ' ಎಂಬ ಇಂಗ್ಲಿಷ್ ಅಕ್ಷರವನ್ನು ಕೆಲವು ಯಂತ್ರಗಳು 65 ಎಂಬ ಸಂಖ್ಯೆಯಿಂದ ಗುರುತಿಸಿದರೆ, ಐ.ಬಿ.ಎಂ.ನ ದೊಡ್ಡ ಯಂತ್ರಗಳು ಅದನ್ನೇ 193 ಎಂದು ಗುರುತಿಸುತ್ತಿದ್ದವು. ತಂತಿಯಿಂದ ಜೋಡಿಸಿದ ಮಾತ್ರಕ್ಕೆ ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದೆಂತು?

ಈ ತೊಡಕನ್ನು ಬಿಡಿಸಲು 1971ರ ಏಪ್ರಿಲ್‌ನಲ್ಲಿ ಒಂದು ನಿಯಮಾವಳಿಯನ್ನು ರಚಿಸಿದವರು ಅಭಯ್ ಭೂಷಣ್. ಇವರು ಕಾನ್ಪುರದ ಐ.ಐ.ಟಿ.ಯ ಮೊದಲ ತಂಡದ ವಿದ್ಯಾರ್ಥಿ. ಆಗ ಅಮೆರಿಕದ ಎಂ.ಐ.ಟಿ.ಯಲ್ಲಿದ್ದರು. ಎಫ್.ಟಿ.ಪಿ. ಎಂದು ಹೆಸರಾದ ಆ ನಿಯಮಾವಳಿ ಹಲವು ತಿದ್ದುಪಡಿಗಳನ್ನು ಹೊಂದಿ 1985ರಲ್ಲಿ ಸ್ಥಿರರೂಪವನ್ನು ಪಡೆಯಿತು.

ಇದರಲ್ಲಿ ದಾರಿಗಳು ಎರಡು: ಒಂದು ಮಾತುಕತೆಗೆ, ಇನ್ನೊಂದು ಕಡತದ ಸಾಗಣೆಗೆ. ಕೇಳುವ ಯಂತ್ರವು ಆರ್.ಇ.ಟಿ.ಆರ್. ಎಂಬ ನಾಲ್ಕಕ್ಷರದ ಆಜ್ಞೆಯೊಡನೆ ಕಡತದ ಹೆಸರನ್ನು ಕಳುಹಿಸುತ್ತದೆ. ದೂರದ ಯಂತ್ರವು ಮೂರಂಕಿಯ ಸಂಖ್ಯೆಗಳಲ್ಲಿ ಉತ್ತರಿಸುತ್ತದೆ. 150 ಎಂದರೆ ಸಾಗಣೆ ಆರಂಭವಾಗಲಿದೆ ಎಂದರ್ಥ. 226 ಎಂದರೆ ಮುಗಿಯಿತು. ಮೊದಲ ಅಂಕಿ ಇಲ್ಲಿ ಮುಖ್ಯವಾದುದು. ಅದು 4 ಆಗಿದ್ದರೆ ಅಡಚಣೆ ತಾತ್ಕಾಲಿಕ, ಮತ್ತೆ ಯತ್ನಿಸಬಹುದು. 5 ಆಗಿದ್ದರೆ ಅದೇ ಕೋರಿಕೆಯನ್ನು ಹಾಗೆಯೇ ಪುನಃ ಕಳುಹಿಸಿ ಫಲವಿಲ್ಲ. ಮನುಷ್ಯಭಾಷೆಯನ್ನರಿಯದ ಕ್ರಮವಿಧಿಗೆ ಈ ಒಂದು ಅಂಕಿಯೇ ಸಾಕು. ಎಷ್ಟು ಸರಳವಾದ ಏರ್ಪಾಡು!

ಆದರೂ ಇಲ್ಲೊಂದು ಅಪಾಯವುಂಟು. ಸಾಮಾನ್ಯ ಕ್ರಮದಲ್ಲಿ ಸಾಗಣೆಯ ದಾರಿ ಮುಚ್ಚಿದರೆ ಕಡತ ಮುಗಿಯಿತೆಂದು ಭಾವಿಸಬೇಕು. ನಡುವೆ ಸಂಪರ್ಕ ಕಡಿದರೂ ದಾರಿ ಮುಚ್ಚುತ್ತದೆಯಲ್ಲವೆ? ಅರ್ಧ ಬಂದ ಚಿತ್ರವನ್ನು ಮನುಷ್ಯನು ನೋಡಿದೊಡನೆ ಗುರುತಿಸುತ್ತಾನೆ. ನಡುರಾತ್ರಿ ತಾನಾಗಿ ನಡೆಯುವ ಕ್ರಮವಿಧಿಗೆ ಕಣ್ಣಿಲ್ಲ. ಆದುದರಿಂದ ಬಲ್ಲವರು ಬರೆದ ಕ್ರಮವಿಧಿ 226 ಬರುವವರೆಗೆ ಕಾಯುತ್ತದೆ, ಬಂದ ಕಡತದ ಗಾತ್ರವನ್ನು ಮೂಲದ ಗಾತ್ರದೊಡನೆ ಹೋಲಿಸುತ್ತದೆ. ಕೊರತೆ ಕಂಡರೆ, ದೂರದ ಯಂತ್ರ ಒಪ್ಪುವುದಾದರೆ, ನಿಂತಲ್ಲಿಂದಲೇ ಮುಂದುವರಿಸುವಂತೆ ಕೇಳುತ್ತದೆ.

ಚಿತ್ರವನ್ನು ಬರಹವೆಂದು ಹೇಳಿ ತರಿಸುವುದೂ ತಪ್ಪು. ಬರಹದ ಸಾಲು ಮುಗಿಯುವ ಗುರುತುಗಳು ಯಂತ್ರದಿಂದ ಯಂತ್ರಕ್ಕೆ ಬೇರೆಯಾದ್ದರಿಂದ ಸಾಗಣೆಯಲ್ಲಿ ಅವನ್ನು ಬದಲಿಸುವುದುಂಟು. ಚಿತ್ರದೊಳಗಿನ ಅಂಥದೇ ಅಂಕಿಗಳೂ ಬದಲಾಗಿ ಚಿತ್ರ ಕೆಡುತ್ತದೆ.

ಎಫ್.ಟಿ.ಪಿ.ಯಲ್ಲಿ ಗುಪ್ತಪದವೂ ಮರೆಯಿಲ್ಲದೆ ಸಾಗುತ್ತದೆ. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳು 2021ರಲ್ಲಿ ಇದನ್ನು ಕೈಬಿಟ್ಟವು. ಈಗ ಕ್ರಮವಿಧಿಗಳು ಹೆಚ್ಚಾಗಿ ಗೂಢಲಿಪಿಯ ರಕ್ಷಣೆಯುಳ್ಳ ಎಚ್.ಟಿ.ಟಿ.ಪಿ.ಎಸ್. ಮೂಲಕ ಕಡತಗಳನ್ನು ತರಿಸುತ್ತವೆ. ಅಲ್ಲಿಯೂ ಉತ್ತರ ಬರುವುದು ಮೂರಂಕಿಯ ಸಂಖ್ಯೆಯಲ್ಲಿಯೇ. ಪುಟ ಸಿಗದಾಗ ನೀವು ಕಾಣುವ 404 ಅಂಥದೊಂದು ಉತ್ತರ.