ನಿಯುವೆ: ದೋಣಿಯನ್ನೂ ಎತ್ತಿಕೊಂಡೇ ಹತ್ತಬೇಕಾದ ದ್ವೀಪ

ನಿಯುವೆಯಲ್ಲಿ ಬಂದರಿಲ್ಲ. ಫ್ರೆಂಚ್ ಪಾಲಿನೇಷ್ಯಾದಿಂದ ಟೋಂಗಾ ಕಡೆಗೆ ಹಾಯಿದೋಣಿಯಲ್ಲಿ ಹೊರಟ ದಂಪತಿ ಇದೊಂದೇ ಕಾರಣಕ್ಕೆ ಈ ದ್ವೀಪವನ್ನು ಬಿಟ್ಟು ಮುಂದೆ ಹೋಗಬೇಕಿಲ್ಲ. ಆದರೆ ತಾರೀಕು ಗೊತ್ತುಮಾಡಿಕೊಂಡು ಬರಬೇಡಿ. ಇಳಿಯುವ ದಿನ, ಹೊರಡುವ ದಿನ ಎರಡನ್ನೂ ಇಲ್ಲಿ ಗಾಳಿಯೇ ಹೇಳುತ್ತದೆ.

ಸುಮಾರು 260 ಚದರ ಕಿಲೋಮೀಟರಿನ ನಿಯುವೆ ಸಮುದ್ರದಿಂದ ಮೇಲೆದ್ದ ಹವಳದ ಸುಣ್ಣಕಲ್ಲು. ಸುತ್ತ ಕಡಿದಾದ ಬಂಡೆ. ದಡ ಬಿಟ್ಟ ಸ್ವಲ್ಪ ದೂರಕ್ಕೇ ಆಳ, ತಳದಲ್ಲಿ ಹವಳ, ಲಂಗರನ್ನು ನಂಬುವಂತಿಲ್ಲ. ರೇಡಿಯೋದ 16ನೇ ಚಾನೆಲ್‌ನಲ್ಲಿ ಕರೆದು, ಅಲೋಫಿ ಊರಿನ ಎದುರಿನ ಮೂರಿಂಗ್ (ದೋಣಿ ಕಟ್ಟುವ ತೇಲುಬುರುಡೆ) ಒಂದನ್ನು ಕೇಳಿಕೊಳ್ಳಿ. ಮೂಡಣ ಗಾಳಿ ಇರುವ ತನಕ ಪಡುವಣ ತೀರದ ಈ ಊರು ಮರೆಯಲ್ಲಿರುತ್ತದೆ. ಗಾಳಿ ಪಡುವಣಕ್ಕೆ ತಿರುಗುವ ಮುನ್ಸೂಚನೆ ಕಂಡರೆ ಊಟ ಅರ್ಧಕ್ಕೆ ಬಿಟ್ಟಾದರೂ ಹಗ್ಗ ಬಿಚ್ಚಿ. ನವೆಂಬರ್‌ನಿಂದ ಏಪ್ರಿಲ್ ಚಂಡಮಾರುತದ ಕಾಲ; 2004ರ ಜನವರಿಯಲ್ಲಿ ಹೇಟಾ ಎಂಬ ಚಂಡಮಾರುತ ಅಲೋಫಿಯ ಆಸ್ಪತ್ರೆಯನ್ನೇ ನಾಶಮಾಡಿತು.

ದಡ ಹತ್ತುವುದೇ ಇಲ್ಲಿನ ದೊಡ್ಡ ಕೆಲಸ. ಧಕ್ಕೆಗೆ ಬಡಿಯುವ ಅಲೆಯಲ್ಲಿ ಡಿಂಗಿಯನ್ನು (ದಡಕ್ಕೆ ಹೋಗುವ ಪುಟ್ಟ ದೋಣಿ) ಕಟ್ಟಿಟ್ಟು ಹೋದರೆ ಬರುವಷ್ಟರಲ್ಲಿ ಚಿಂದಿಯಾಗಿರುತ್ತದೆ. ಅದಕ್ಕೇ ಧಕ್ಕೆಯ ಮೇಲೊಂದು ಕ್ರೇನ್ ಇದೆ. ಒಬ್ಬರು ಅಲೆ ಉಬ್ಬಿದ ಗಳಿಗೆ ನೋಡಿ ಮೆಟ್ಟಿಲಿಗೆ ಕಾಲಿಟ್ಟು ಮೇಲೆ ಹೋಗಿ ಕೊಕ್ಕೆ ಇಳಿಸಬೇಕು. ಇನ್ನೊಬ್ಬರು ಡಿಂಗಿಯಲ್ಲೇ ನಿಂತು ಕೊಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಬೇಕು. ಆಮೇಲೆ ಡಿಂಗಿಯನ್ನು ಎತ್ತಿ, ತಿರುಗಿಸಿ, ಧಕ್ಕೆಯ ಮೇಲೆ ಬದಿಗಿಡುವುದು. ಸಮತೂಕದಲ್ಲಿ ನೇತಾಡುವಂತೆ ಮೂರ್ನಾಲ್ಕು ಕಡೆ ಕಟ್ಟಿದ ಹಗ್ಗದ ಜೋಲಿಯನ್ನು ಮೊದಲೇ ತಯಾರಿಟ್ಟುಕೊಳ್ಳಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಯಾರು ಜಿಗಿಯುವುದು ಎಂಬ ಜಗಳವನ್ನು ಮಾತ್ರ ಡಿಂಗಿಗೆ ಇಳಿಯುವ ಮೊದಲೇ ಮುಗಿಸಿ. ಕ್ಯಾಪ್ಟನ್ ಕುಕ್‌ಗೂ ಇಲ್ಲಿ ಇಳಿಯುವುದು ಸುಲಭವಾಗಲಿಲ್ಲ: 1774ರಲ್ಲಿ ಬಂದಾಗ ದ್ವೀಪದವರು ಅಟ್ಟಿದರು. ಸಿಟ್ಟಿಗೆ ಆತ ಇದನ್ನು ಅನಾಗರಿಕರ ದ್ವೀಪವೆಂದು ಕರೆದ. ಆ ಹೆಸರನ್ನು ಇಲ್ಲಿ ಬಾಯಿಗೆ ತರಬೇಡಿ.

ದ್ವೀಪದಲ್ಲಿ ನದಿ, ಹಳ್ಳ ಒಂದೂ ಇಲ್ಲ. ಮಳೆನೀರೆಲ್ಲ ಕಲ್ಲಿನೊಳಗೆ ಇಂಗುವುದರಿಂದ ಸಮುದ್ರಕ್ಕೆ ಮಣ್ಣು ಸೇರುವುದಿಲ್ಲ, ನೀರು ಗಾಜಿನಂತಿರುತ್ತದೆ. ಕಟುವಾಲಿ ಎಂಬ ಪಟ್ಟೆ ಹಾವುಗಳು ಹತ್ತಿರವೇ ಸುಳಿಯುತ್ತವೆ. ವಿಷದವು, ಆದರೆ ಸಾಧು, ಮುಟ್ಟದಿದ್ದರಾಯಿತು. ಜುಲೈಯಿಂದ ಅಕ್ಟೋಬರ್‌ವರೆಗೆ ಗೂನು ತಿಮಿಂಗಿಲಗಳು ಮರಿಯೊಂದಿಗೆ ಬರುತ್ತವೆ. ರಾತ್ರಿ ಅವು ಉಸಿರು ಬಿಡುವ ಸದ್ದು ಮಲಗಿದಲ್ಲೇ ಕೇಳಬಹುದು.

ಒಂದು ದಿನ ವಾಹನ ಬಾಡಿಗೆಗೆ ಪಡೆಯಿರಿ. ನಮ್ಮಲ್ಲಿಯಂತೆ ಎಡಬದಿಯ ಸಂಚಾರವೇ. ಒಂದೇ ಜಾಗಕ್ಕೆ ಸಮಯವಿದ್ದರೆ ತೋಗೋ ಕಮರಿ ನೋಡಿ: ಕಾಡು ದಾಟಿದರೆ ಈಟಿಗಳಂತೆ ನಿಂತ ಕಪ್ಪು ಹವಳದ ಬಯಲು, ಏಣಿ ಇಳಿದರೆ ಬಂಡೆಗಳ ನಡುವೆ ಬಿಳಿ ಮರಳು, ತೆಂಗಿನ ಮರ. ಚಪ್ಪಲಿ ಬೇಡ, ಬೂಟು ಹಾಕಿ. ಅವೈಕಿ ಗುಹೆ, ತಲಾವಾ ಕಮಾನುಗಳಿಗೆ ಇಳಿತದ ಹೊತ್ತು ನೋಡಿಕೊಂಡು ಹೋಗಿ.

ಸಸ್ಯಾಹಾರಿಗಳು ತಕಿಹಿ ಕೇಳಿ. ಕೆಸುವಿನ ಗೆಡ್ಡೆ ಮತ್ತು ಪಪ್ಪಾಯಿಯ ಹೋಳುಗಳನ್ನು ಪದರವಾಗಿ ಜೋಡಿಸಿ ಗಟ್ಟಿ ತೆಂಗಿನ ಹಾಲಿನಲ್ಲಿ ಬೇಯಿಸಿದ್ದು. ಖಾರವಿಲ್ಲ, ಉಪ್ಪಿನಕಾಯಿ ಬಾಟಲಿ ನಿಮ್ಮ ದೋಣಿಯಲ್ಲಿದ್ದರೆ ಚೆನ್ನ. ಹಣ ನ್ಯೂಜಿಲೆಂಡ್ ಡಾಲರ್, ನಗದಾಗಿ ಇಟ್ಟುಕೊಳ್ಳಿ. ಭಾನುವಾರ ಮೀನು ಹಿಡಿಯುವುದು, ದೋಣಿ ಓಡಿಸುವುದು ಸಲ್ಲದು. ಚರ್ಚಿಗೆ ಹೋಗಿ ಹಾಡು ಕೇಳಿ.

ಹೊರಡುವಾಗ ಒಂದು ಲೆಕ್ಕ. ಟೋಂಗಾದ ವವಾಉ ಎರಡು ದಿನದ ದಾರಿ, ಆದರೆ ನಡುವೆ ದಿನರೇಖೆ. ಗುರುವಾರ ಹೊರಟರೆ ತಲುಪುವುದು ಅಲ್ಲಿಯ ಭಾನುವಾರ, ಕಸ್ಟಮ್ಸ್ ಕಚೇರಿಗೆ ಬೀಗ. ಗಾಳಿ ಒಪ್ಪಿದರೆ ಶುಕ್ರವಾರ ಕಾಗದಪತ್ರ ಮುಗಿಸಿ ಶನಿವಾರ ಹಾಯಿ ಬಿಚ್ಚಿ. ಮಂಗಳವಾರ ಬೆಳಿಗ್ಗೆ ತಲುಪುತ್ತೀರಿ.