‘ಎರಡೇ ಉಳಿದಿವೆ’ ಎಂದರೆ ಕೈ ಯಾಕೆ ಆತುರಪಡುತ್ತದೆ?

ಪ್ರಶ್ನೆ: ಮೊಬೈಲಿನಲ್ಲಿ ಸುಮ್ಮನೆ ಸೀರೆ ನೋಡುತ್ತಿದ್ದೆ. ಕೊಳ್ಳುವ ಯೋಚನೆ ಇರಲಿಲ್ಲ. ‘ಎರಡೇ ಉಳಿದಿವೆ, ಆಫರ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ’ ಎಂದು ಬಂದದ್ದೇ ತಡ, ಹಣ ಕಟ್ಟಿಬಿಟ್ಟೆ. ಮಾರನೆಯ ದಿನ ನೋಡಿದರೆ ಅದೇ ಸೀರೆ, ಅದೇ ‘ಎರಡೇ ಉಳಿದಿವೆ’, ಅದೇ ಹತ್ತು ನಿಮಿಷ! ಅಂಗಡಿಯಲ್ಲಿ ಗಂಟೆಗಟ್ಟಲೆ ಚೌಕಾಸಿ ಮಾಡುವ ನಾನು ಇಲ್ಲಿ ಹೇಗೆ ಮೋಸಹೋದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಕಡಿಮೆ ಇರುವುದಕ್ಕೆ ಹೆಚ್ಚು ಬೆಲೆ ಕೊಡುವುದು ಮನುಷ್ಯರೆಲ್ಲರ ಸ್ವಭಾವ.

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀಫನ್ ವೊರ್ಚೆಲ್ ಮತ್ತು ಸಂಗಡಿಗರು 1975ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಕೆಲವರಿಗೆ ಹತ್ತು ಬಿಸ್ಕತ್ತು ಇದ್ದ ಜಾಡಿಯನ್ನು, ಇನ್ನು ಕೆಲವರಿಗೆ ಎರಡೇ ಇದ್ದ ಜಾಡಿಯನ್ನು ಮುಂದಿಟ್ಟು ಅಭಿಪ್ರಾಯ ಕೇಳಿದರು. ಬಿಸ್ಕತ್ತು ಒಂದೇ ಬಗೆಯದು. ಆದರೂ ಎರಡೇ ಇದ್ದ ಜಾಡಿಯದ್ದು ಹೆಚ್ಚು ಬೇಕೆನಿಸಿತು, ಅದರ ಬೆಲೆಯೂ ಹೆಚ್ಚಿರಬೇಕು ಎನಿಸಿತು. ಹತ್ತು ಇದ್ದದ್ದು ಕಣ್ಣೆದುರೇ ಎರಡಕ್ಕೆ ಇಳಿದಾಗ ಆಸೆ ಇನ್ನೂ ಏರಿತು. ಗಮನಿಸಬೇಕಾದದ್ದು ಇಷ್ಟು: ತಿಂದವರು ಅದರ ರುಚಿ ಹೆಚ್ಚು ಎಂದೇನೂ ಹೇಳಲಿಲ್ಲ. ಹೆಚ್ಚಿದ್ದು ಆಸೆ ಮಾತ್ರ.

ಇನ್ನು ನಿಮ್ಮ ಚೌಕಾಸಿಯ ವಿಷಯ. ಅಂಗಡಿಯವರು ‘ಇದೇ ಕೊನೇದು ಅಕ್ಕಾ’ ಎಂದರೆ ನೀವು ಒಮ್ಮೆ ಬೀರುವಿನತ್ತ ಕಣ್ಣು ಹಾಯಿಸುತ್ತೀರಿ. ಸೆರಗು ಬಿಡಿಸಿ ನೋಡುತ್ತೀರಿ, ಬೇಡವೆಂದು ಎರಡು ಹೆಜ್ಜೆ ಹಾಕುತ್ತೀರಿ, ಅವರೇ ಹಿಂದಕ್ಕೆ ಕರೆಯುತ್ತಾರೆ. ಮೊಬೈಲಿನಲ್ಲಿ ಆ ಬೀರು ಕಾಣುವುದಿಲ್ಲ. ಅವರು ಬರೆದ ಅಂಕಿಯನ್ನೇ ನಂಬಬೇಕು. ಚೌಕಾಸಿಗೆ ಬೇಕಾದ ಹೊತ್ತನ್ನೂ ಓಡುವ ಗಡಿಯಾರ ಕಸಿದುಕೊಳ್ಳುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನಮಗೆ ಗೊತ್ತು, ಮಾರುವವರಿಗೂ ಗೊತ್ತು.

ಸರಕು ನಿಜವಾಗಿಯೂ ಎರಡೇ ಇದ್ದರೆ ಹಾಗೆನ್ನುವುದು ತಪ್ಪಲ್ಲ. ಸುಳ್ಳು ಹೇಳಿ ಅವಸರ ಹುಟ್ಟಿಸಿದರೆ ತಪ್ಪು. ಇಂಥ ತಂತ್ರಗಳಿಗೆ ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್ 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಇಂಥ 13 ತಂತ್ರಗಳನ್ನು ಪಟ್ಟಿಮಾಡಿ ನಿಷೇಧಿಸಿದೆ. ಅದರಲ್ಲಿ ಮೊದಲನೆಯದೇ ಸುಳ್ಳು ಅವಸರ. ನಾವು ಕೇಳದ ವಿಮೆ, ದೇಣಿಗೆಗಳನ್ನು ಬಿಲ್ಲಿಗೆ ಸದ್ದಿಲ್ಲದೆ ಸೇರಿಸುವುದು, ಹಣ ಕಟ್ಟುವ ಕೊನೆಯ ಹಂತದಲ್ಲಿ ಹೊಸ ಶುಲ್ಕ ತೋರಿಸುವುದು, ಚಂದಾ ನಿಲ್ಲಿಸಲು ದಾರಿಯೇ ಸಿಗದಂತೆ ಮಾಡುವುದು ಕೂಡ ಪಟ್ಟಿಯಲ್ಲಿವೆ.

ಮುಂದಿನ ಸಲ ಹೀಗೆ ಮಾಡಿ. ಇಷ್ಟವಾದದ್ದನ್ನು ಕಾರ್ಟಿಗೆ ಹಾಕಿ, ಮೊಬೈಲ್ ಬದಿಗಿಟ್ಟು ಮಲಗಿ. ಬೆಳಿಗ್ಗೆಯೂ ಬೇಕೆನಿಸಿದರೆ ಕೊಳ್ಳಿ. ಗಡಿಯಾರ ಮತ್ತೆ ಹತ್ತು ನಿಮಿಷದಿಂದಲೇ ಶುರುವಾಗಿದ್ದರೆ, ದಿನಾಂಕ ಕಾಣುವಂತೆ ಎರಡೂ ದಿನದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ಕೊಡಿ. ಒಂದು ಸೀರೆಯ ಮಾತಿಗೆ ದೂರೇ ಎಂದು ಸಂಕೋಚಪಡಬೇಡಿ. ನಿಮ್ಮ ಹಾಗೆಯೇ ಅವಸರಕ್ಕೆ ಬಿದ್ದು ಸುಮ್ಮನಾದವರ ಪರವಾಗಿಯೂ ಆ ದೂರು ನಿಲ್ಲುತ್ತದೆ.