ಕಿತ್ತಷ್ಟೂ ಚಿಗುರುವ ಜೇಕು

ಮಳೆ ಬಿದ್ದು ಎಂಟು ದಿನ ಆಗಿರಲ್ಲ, ಮನೆ ಮುಂದಿನ ಹುಲ್ಲುಹಾಸಿನಲ್ಲಿ ಗರಿಕೆಯನ್ನು ಮೀರಿ ಹೊಳಪಿನ ಎಲೆಗಳು ಎದ್ದು ನಿಂತಿರುತ್ತವೆ. ನೋಡಿದ್ದೀರಲ್ಲ? ಅದೇ ಜೇಕು. ಕೆಲವು ಕಡೆ ಕೊನ್ನಾರಿ ಗಡ್ಡೆ ಅಂತಾರೆ. ಪಕ್ಕದ ಮನೆಯ ಮಲಯಾಳಿಗಳಿಗೆ ಅದು ಮುತ್ತಂಗ, ತಮಿಳರಿಗೆ ಕೋರೈ, ಮರಾಠಿಗರಿಗೆ ಲವ್ಹಾಳಾ, ತೆಲುಗರಿಗೆ ತುಂಗ. ಹೆಸರು ಬೇರೆಯಾದರೂ ಕಾಟ ಒಂದೇ! ವಿಜ್ಞಾನಿಗಳು ಇದನ್ನು ಸೈಪರಸ್ ರೊಟುಂಡಸ್ ಎನ್ನುತ್ತಾರೆ.

ಹುಲ್ಲಿನಂತೆ ಕಂಡರೂ ಇದು ಹುಲ್ಲಿನ ಕುಟುಂಬದ್ದಲ್ಲ. ಹೂ ಬಿಟ್ಟ ದಂಟನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ, ಮೂರು ಏಣುಗಳು ತಾಗುತ್ತವೆ.

ಕೈಯಿಂದ ಎಳೆದರೆ ಎಲೆ ಬರುತ್ತೆ, ಗಡ್ಡೆ ಮಣ್ಣಲ್ಲೇ ಉಳಿಯುತ್ತೆ. ಈ ಗಡ್ಡೆಗಳು ತೆಳುವಾದ ಬಳ್ಳಿಯಂಥ ಕಾಂಡದಲ್ಲಿ ಮಣಿಸರದ ಹಾಗೆ ಪೋಣಿಸಿಕೊಂಡಿರುತ್ತವೆ. ಒಂದೆರಡು ಚಿಗುರುತ್ತಿರುವಾಗ ಅದೇ ಸರದ ಉಳಿದ ಹಲವು ಗಡ್ಡೆಗಳು ಸುಮ್ಮನೆ ಮಲಗಿರುತ್ತವೆ. ತುದಿಯ ಮೊಗ್ಗು ಹಿಂದಿನ ಮೊಗ್ಗುಗಳನ್ನು ತಡೆಹಿಡಿಯುವ ಈ ಗುಣಕ್ಕೆ ತುದಿ ಪ್ರಾಬಲ್ಯ ಎಂದು ಹೆಸರು. ಗುದ್ದಲಿ ತಾಗಿ ಸರ ತುಂಡಾಯಿತು ಅನ್ನಿ, ತಡೆ ಹೋಯಿತು, ಮಲಗಿದ್ದವೂ ಏಳುತ್ತವೆ. ಅರ್ಧಂಬರ್ಧ ಅಗೆದ ಕಡೆ ಜೇಕು ಇನ್ನಷ್ಟು ಹೆಚ್ಚುವುದು ಇದಕ್ಕೇ.

ಪರೀಕ್ಷಿಸಿ ನೋಡಿ. ಒಂದು ಕುಂಡದಲ್ಲಿ ನಾಲ್ಕು ಗಡ್ಡೆಗಳ ಸರವನ್ನು ಹಾಗೇ ನೆಡಿ. ಇನ್ನೊಂದರಲ್ಲಿ ಅಷ್ಟೇ ಗಡ್ಡೆಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ನೆಡಿ. ಮಣ್ಣು, ನೀರು, ಬಿಸಿಲು ಎರಡಕ್ಕೂ ಒಂದೇ ಇರಲಿ. 3 ವಾರ ಚಿಗುರುಗಳನ್ನು ಎಣಿಸಿ ಬರೆದಿಡಿ.

ಹಾಗಾದರೆ ತೆಗೆಯೋದು ಹೇಗೆ? ಹೆಚ್ಚಿನ ಗಡ್ಡೆಗಳು ಮೇಲಿನ ಒಂದು ಗೇಣು ಮಣ್ಣಿನಲ್ಲೇ ಇರುತ್ತವೆ. ನೆಲವನ್ನು ನೆನೆಸಿ, ಬುಡದ ಮಣ್ಣನ್ನು ಸರದ ಸಮೇತ ಎತ್ತಿ, ಗಡ್ಡೆಗಳನ್ನು ಆರಿಸಿ. ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ, ಅಲ್ಲಿಂದ ಮತ್ತೆ ತೋಟಕ್ಕೇ ಬರುತ್ತವೆ. ಬಂಡೆಯ ಮೇಲೋ ಮಾಳಿಗೆಯ ಮೇಲೋ ಸುಡುಬಿಸಿಲಲ್ಲಿ ಪೂರ್ತಿ ಒಣಗಿಸಿ. ತಪ್ಪಿಸಿಕೊಂಡವು ಚಿಗುರಿದರೆ ಎಳೆಯದಿರುವಾಗಲೇ ಚಿವುಟಿ. ಪ್ರತಿ ಚಿಗುರಿಗೂ ಗಡ್ಡೆ ತನ್ನ ಪಿಷ್ಟವನ್ನು ಖರ್ಚು ಮಾಡಬೇಕು. ಎಲೆ ಬಲಿತು ಆಹಾರ ತಯಾರಿಸುವಷ್ಟು ಪುರುಸೊತ್ತು ಕೊಡದಿದ್ದರೆ ಗಡ್ಡೆ ಸೊರಗುತ್ತದೆ. ಇದು ಒಂದೆರಡು ವಾರದ ಕೆಲಸವಲ್ಲ ಬಿಡಿ. ಜೇಕಿಗೆ ನೆರಳು ಆಗಿಬರದು, ಹಾಗಾಗಿ ಗರಿಕೆಯನ್ನು ನೆಲ ಕಾಣುವಷ್ಟು ಕತ್ತರಿಸದೆ ದಟ್ಟವಾಗಿ ಬಿಡಿ.

ಉಪ್ಪು ಸುರಿಯಿರಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಮಣ್ಣೇ ಕೆಡುತ್ತದೆ. ಕಳೆನಾಶಕದ ಬಾಟಲಿಯನ್ನಂತೂ ನೀವು ಮುಟ್ಟಲೇಬಾರದು.

ಅಂದ ಹಾಗೆ, ಒಣಗಿದ ಗಡ್ಡೆಯೊಂದನ್ನು ಜಜ್ಜಿ ಮೂಸಿ ನೋಡಿ. ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ದುಡ್ಡಿಗೆ ಮಾರುವುದು ಇದನ್ನೇ.